ಮೇಜು ಕೊಟ್ಟ ಅಕೆಪ್ಟೂಸ್, ರುಜು ಹಾಕಿದ ಬಿಷಪರು

ಇಸ್ರೇಲಿನ ಮೆಗಿದ್ದೊ ಜೈಲಿನ ಆವರಣವನ್ನು ವಿಸ್ತರಿಸಬೇಕಿತ್ತು. 2005ರಲ್ಲಿ ಅಲ್ಲಿನ ಕೈದಿಗಳೇ ಪುರಾತತ್ವಜ್ಞರ ಜೊತೆ ನಿಂತು ಮಣ್ಣು ತೆಗೆಯುತ್ತಿದ್ದಾಗ ಬಣ್ಣದ ಹರಳುಗಲ್ಲು ಕೂಡಿಸಿದ ನೆಲವೊಂದು ಕಂಡಿತು. ನಡುವೆ ಮೀನಿನ ಚಿತ್ರ, ಸುತ್ತಮುತ್ತ ಗ್ರೀಕ್ ಅಕ್ಷರ. ಗಯಾನಸ್ ಎಂಬ ರೋಮನ್ ಸೇನಾಧಿಕಾರಿ ತನ್ನ ಕೈಯಿಂದ ಹಣ ಕೊಟ್ಟು ಈ ನೆಲವನ್ನು ಮಾಡಿಸಿದನೆಂದು ಒಂದು ಬರಹ ಹೇಳುತ್ತದೆ. ಇನ್ನೊಂದು ಒಬ್ಬ ಹೆಂಗಸಿನದು. ಅಕೆಪ್ಟೂಸ್ ಎಂಬ ಭಕ್ತೆ ‘ದೇವರಾದ ಯೇಸು ಕ್ರಿಸ್ತ’ನಿಗೆ ನೆನಪಿನ ಕಾಣಿಕೆಯಾಗಿ ಮೇಜನ್ನು ಅರ್ಪಿಸಿದಳು ಎಂಬುದು ಅದರ ತಾತ್ಪರ್ಯ.

ಅಗೆದವರ ಲೆಕ್ಕದಲ್ಲಿ ಈ ನೆಲ ಕ್ರಿ.ಶ. 230ರ ಆಸುಪಾಸಿನದು. ಇಷ್ಟು ಹಿಂದಕ್ಕೆ ಹೋಗಲು ಒಪ್ಪದ ವಿದ್ವಾಂಸರೂ ಇದ್ದಾರೆ. ಅಗೆದವರ ಕಾಲನಿರ್ಣಯ ಸರಿಯಾದರೆ ನೈಸಿಯಾದಲ್ಲಿ ಬಿಷಪರ ಮಹಾಸಭೆ ಕೂಡಲು ಇನ್ನೂ ತೊಂಬತ್ತೈದು ವರ್ಷವಿತ್ತು.

ಈ ಲೆಕ್ಕ ಯಾಕೆ ಮುಖ್ಯವೆಂದರೆ, ಯೇಸುವನ್ನು ದೇವರನ್ನಾಗಿ ಮಾಡಿದ್ದೇ ಆ ಸಭೆ, ಅದೂ ಚಕ್ರವರ್ತಿ ಕಾನ್‌ಸ್ಟಂಟೈನನ ಒತ್ತಾಯಕ್ಕೆ ಮತ ಹಾಕಿಸಿ ಎಂಬ ಮಾತು ಬಹಳ ದಿನದಿಂದ ಚಲಾವಣೆಯಲ್ಲಿದೆ. 2003ರಲ್ಲಿ ಬಂದ ‘ದ ಡ ವಿಂಚಿ ಕೋಡ್’ ಕಾದಂಬರಿ ಅದನ್ನು ಮನೆಮನೆಗೆ ಮುಟ್ಟಿಸಿತು. ಕತೆಯಾಗಿ ಸೊಗಸಾಗಿದೆ. ದಾಖಲೆಗಳು ಮಾತ್ರ ಬೇರೆಯದೇ ಹೇಳುತ್ತವೆ.

ಉಳಿದಿರುವ ಕ್ರೈಸ್ತ ಬರಹಗಳಲ್ಲೇ ಹಳೆಯವು ಪೌಲನ ಪತ್ರಗಳು, ಕ್ರಿ.ಶ. 50ರ ದಶಕದವು. ಕೊರಿಂಥದವರಿಗೆ ಗ್ರೀಕಿನಲ್ಲಿ ಬರೆದ ಮೊದಲ ಪತ್ರದ ಕೊನೆಯಲ್ಲಿ ಅವನು ಇದ್ದಕ್ಕಿದ್ದಂತೆ ‘ಮಾರನಾಥಾ’ ಎಂಬ ಅರಾಮಿಕ್ ಮಾತನ್ನು ಹಾಗೇ ಇಟ್ಟಿದ್ದಾನೆ. ನಮ್ಮೊಡೆಯನೇ ಬಾ ಎಂದು ಅದನ್ನು ಅರ್ಥಮಾಡುತ್ತಾರೆ. ಅರ್ಥ ಬಿಡಿಸಿ ಹೇಳುವ ಗೋಜಿಗೆ ಪೌಲ ಹೋಗಿಲ್ಲ. ಅಂದರೆ ಗ್ರೀಕ್ ಬಲ್ಲ ಆ ಊರಿನವರಿಗೂ ಅದು ಬಾಯಿಪಾಠವಾಗಿದ್ದ ಪ್ರಾರ್ಥನೆ. ಜರ್ಮನ್ ವಿದ್ವಾಂಸ ವಿಲ್ಹೆಲ್ಮ್ ಬೂಸೆಟ್ 1913ರಲ್ಲಿ, ಯೇಸುವಿನ ಆರಾಧನೆ ಯೆಹೂದ್ಯರ ನೆಲದಲ್ಲಲ್ಲ, ಹಲವು ದೇವರುಗಳ ಗ್ರೀಕ್ ಪಟ್ಟಣಗಳಲ್ಲಿ ಹುಟ್ಟಿತೆಂದು ವಾದಿಸಿದ. ಆ ವಾದಕ್ಕೆ ಈ ಒಂದು ಪದ ಗಂಟಲ ಮುಳ್ಳು. ಅರಾಮಿಕ್ ಯೇಸುವಿನ ಊರಿನ, ಮೊದಲ ಶಿಷ್ಯರ ಮನೆಮಾತು. ಮುಂದೆ ವಿದ್ವಾಂಸ ಲ್ಯಾರಿ ಹರ್ಟಾಡೊ ಇದೇ ಎಳೆ ಹಿಡಿದು ಬೂಸೆಟ್‌ಗೆ ಉತ್ತರ ಕೊಟ್ಟರು. ಆರಾಧನೆ ಶುರುವಾದದ್ದು ಮೊದಲ ತಲೆಮಾರಿನಲ್ಲೇ, ದೇವರೊಬ್ಬನೇ ಎಂದು ದಿನವೂ ಹೇಳಿಕೊಳ್ಳುತ್ತಿದ್ದ ಯೆಹೂದ್ಯರ ನಡುವೆಯೇ ಎಂಬುದು ಅವರ ನಿಲುವು. ಸ್ವತಃ ನಂಬಿಕೆಯಿಂದ ದೂರ ಸರಿದ ವಿದ್ವಾಂಸ ಬಾರ್ಟ್ ಎರ್ಮನ್ ಕೂಡ, ಶಿಲುಬೆಯ ಸಾವಿನ ನಂತರ ಬೇಗನೆ ಶಿಷ್ಯರು ಯೇಸುವನ್ನು ಒಂದಲ್ಲ ಒಂದು ಅರ್ಥದಲ್ಲಿ ದೈವವೆಂದು ಕಂಡರೆಂದು ಒಪ್ಪುತ್ತಾರೆ.

‘ಒಂದಲ್ಲ ಒಂದು ಅರ್ಥದಲ್ಲಿ’ ಎಂಬುದರಲ್ಲೇ ಎಲ್ಲ ತಕರಾರೂ ಇದೆ. ಪೌಲ ಯೇಸುವಿಗೆ ಬಳಸುವ ಗ್ರೀಕ್ ಪದ ‘ಕೂರಿಯೋಸ್’. ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ. ಬಸ್ಸಿನಲ್ಲಿ ಪಕ್ಕದವನಿಗೆ ‘ಸ್ವಲ್ಪ ಜರುಗಿ ಸ್ವಾಮಿ’ ಅನ್ನುತ್ತೇವೆ. ಧರ್ಮಸ್ಥಳಕ್ಕೆ ಹೋಗಿ ಮಂಜುನಾಥ ಸ್ವಾಮಿಗೆ ಕೈ ಮುಗಿಯುತ್ತೇವೆ. ಪದ ಒಂದೇ, ಎತ್ತರ ಬೇರೆ. ಕೂರಿಯೋಸ್ ಕೂಡ ಹೀಗೆಯೇ: ಯಜಮಾನನಿಗೂ ಸಲ್ಲುತ್ತಿತ್ತು, ಹೀಬ್ರೂ ಗ್ರಂಥದ ಗ್ರೀಕ್ ಅನುವಾದದಲ್ಲಿ ಯೆಹೋವನ ಹೆಸರಿನ ಜಾಗದಲ್ಲೂ ಕೂರುತ್ತಿತ್ತು. ಪೌಲ ಫಿಲಿಪ್ಪಿಯದವರಿಗೆ ಬರೆದ ಪತ್ರದಲ್ಲಿ, ಯೆಶಾಯನ ಗ್ರಂಥದಲ್ಲಿ ಯೆಹೋವನೊಬ್ಬನಿಗೇ ಮೀಸಲಾಗಿದ್ದ ಸಾಷ್ಟಾಂಗದ ಮಾತನ್ನು ಯೇಸುವಿನ ಹೆಸರಿಗೆ ತಿರುಗಿಸಿದ್ದಾನೆ. ಅಲ್ಲಿ ಕೂರಿಯೋಸ್ ಬಸ್ಸಿನ ಸ್ವಾಮಿಯಲ್ಲ.

ಹೊರಗಿನವರ ಸಾಕ್ಷ್ಯಕ್ಕೆ ತೂಕ ಹೆಚ್ಚು. ಕ್ರಿ.ಶ. 112ರ ಸುಮಾರಿಗೆ ಬಿಥಿನಿಯಾ ಪ್ರಾಂತ್ಯದ ರಾಜ್ಯಪಾಲ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಒಂದು ಕಾಗದ ಬರೆದ. ಕ್ರೈಸ್ತರು ಗೊತ್ತಾದ ದಿನ ಬೆಳಗಾಗುವ ಮೊದಲೇ ಸೇರಿ, ಕ್ರಿಸ್ತನನ್ನು ದೇವರೆಂಬಂತೆ ಹಾಡುತ್ತಾರೆಂದು ಅದರಲ್ಲಿದೆ. ನಿಜ ತಿಳಿಯಲು ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದ್ದನ್ನೂ ಯಾವ ಅಳುಕಿಲ್ಲದೆ ಬರೆದಿದ್ದಾನೆ. ರೋಮಿನ ಪ್ಯಾಲಟೈನ್ ಗುಡ್ಡದಲ್ಲಿ 1857ರಲ್ಲಿ ಸಿಕ್ಕ ಗೋಡೆಗೀಚು ಇನ್ನೂ ಕಟುವಾದುದು. ಶಿಲುಬೆಯ ಮೇಲೆ ಕತ್ತೆ ತಲೆಯ ಮನುಷ್ಯ. ಕೆಳಗೆ ಕೈ ಎತ್ತಿ ನಿಂತ ಹುಡುಗ. ಅಲೆಕ್ಸಮೆನೋಸ್ ದೇವರನ್ನು ಪೂಜಿಸುತ್ತಿದ್ದಾನೆಂಬ ಅಣಕ. ಗೇಲಿ ಮಾಡಿದವನಿಗೂ ಗೊತ್ತಿತ್ತು, ಇವರು ಪೂಜಿಸುವುದು ಶಿಲುಬೆಗೇರಿದವನನ್ನು ಎಂದು.

ಹಾಗಾದರೆ 325ರಲ್ಲಿ ನೈಸಿಯಾದಲ್ಲಿ ನಡೆದದ್ದೇನು? ಪೂಜಿಸಬೇಕೋ ಬೇಡವೋ ಎಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್ ಕೂಡ ಯೇಸುವನ್ನು ಆರಾಧಿಸುತ್ತಿದ್ದವನೇ. ಆದರೆ ಮಗ ತಂದೆಯಿಂದ ಸೃಷ್ಟಿಯಾದವನು, ಅವನಿಲ್ಲದ ಒಂದು ಹಂತ ಇತ್ತು ಎಂದ. ನಾವಿಕರೂ ಹಿಟ್ಟು ಬೀಸುವವರೂ ಹಾಡಿಕೊಳ್ಳುವಂತೆ ಇದನ್ನು ಪದ ಕಟ್ಟಿ ಹರಿಯಬಿಟ್ಟನಂತೆ. ಎದುರು ಬಣದ ಅಥನೇಷಿಯಸ್ ಮುಂದೆ ಇದಕ್ಕೆ ಕೊಟ್ಟ ಉತ್ತರದ ಬೇರು ಪೂಜೆಯಲ್ಲೇ ಇತ್ತು: ಮಗ ಸೃಷ್ಟಿಯಾದವನಾದರೆ ಕ್ರೈಸ್ತರು ಇಷ್ಟು ಕಾಲ ಮಾಡಿದ್ದು ಸೃಷ್ಟಿಯ ಪೂಜೆ, ಅಂದರೆ ವಿಗ್ರಹಾರಾಧನೆ. ಸಭೆ ‘ಹೋಮೊಊಸಿಯೋಸ್’ ಎಂಬ ಪದವನ್ನು ಆರಿಸಿತು. ತಂದೆಯ ಸತ್ವವೇ ಮಗನದೂ ಎಂದು ಅರ್ಥ. ಬೈಬಲಿನಲ್ಲಿ ಎಲ್ಲೂ ಇಲ್ಲದ ಪದವೆಂದು ಹಲವರಿಗೆ ಇರುಸುಮುರುಸಾಯಿತು. ಆದರೂ ಬಹುತೇಕ ಎಲ್ಲರೂ ರುಜು ಹಾಕಿದರು. ಕೊನೆಯವರೆಗೂ ಒಪ್ಪದೆ ಏರಿಯಸ್ ಜೊತೆ ಗಡಿಪಾರಾದ ಬಿಷಪರು ಲಿಬಿಯಾ ಕಡೆಯ ಇಬ್ಬರೇ, ಸೆಕುಂಡಸ್ ಮತ್ತು ಥಿಯೋನಸ್.

ರುಜು ಬಿದ್ದ ಮಾತ್ರಕ್ಕೆ ಜಗಳ ಮುಗಿಯಲಿಲ್ಲ. ಕಾನ್‌ಸ್ಟಂಟೈನ್ 337ರಲ್ಲಿ ಸಾಯುವ ಮುನ್ನ ದೀಕ್ಷಾಸ್ನಾನ ಪಡೆದದ್ದು ಏರಿಯಸ್ ಪರ ನಿಂತಿದ್ದ ಬಿಷಪ್ ಯೂಸೆಬಿಯಸ್ ಕೈಯಿಂದ! ಚಕ್ರವರ್ತಿಯೇ ಯೇಸುವನ್ನು ದೇವರು ಮಾಡಿದ ಅನ್ನುವವರು ಈ ಸಂಗತಿಯ ಹತ್ತಿರ ಸುಳಿಯುವುದಿಲ್ಲ. ಅಥನೇಷಿಯಸ್ ಐದು ಸಲ ಗಡಿಪಾರಾದ. ಸತ್ವ ಒಂದೇ ಅಲ್ಲ, ಒಂದರಂತೆ ಇನ್ನೊಂದು ಎಂದು ‘ಹೋಮೊಇಊಸಿಯೋಸ್’ ಪಕ್ಷ ಹುಟ್ಟಿತು. ಎರಡು ಪದಗಳಿಗೂ ಇರುವ ಅಂತರ ಗ್ರೀಕಿನ ಒಂದು ಅಕ್ಷರ, ಕನ್ನಡದಲ್ಲಾದರೆ ಒಂದು ‘ಇ’. ಕಾನ್‌ಸ್ಟಾಂಟಿನೋಪಲ್‌ನಲ್ಲಿ ರೊಟ್ಟಿಯ ಬೆಲೆ ಕೇಳಿದರೂ ತಂದೆ ದೊಡ್ಡವ, ಮಗ ಚಿಕ್ಕವ ಎಂಬ ಉತ್ತರ ಬರುತ್ತದೆಂದು ನಿಸ್ಸಾದ ಬಿಷಪ್ ಗ್ರೆಗೊರಿ ಹಲುಬಿದ್ದಾನೆ. ಆ ನಗರದಲ್ಲೇ 381ರಲ್ಲಿ ಕೂಡಿದ ಸಭೆ ನೈಸಿಯಾದ ಮಾತನ್ನು ಗಟ್ಟಿಮಾಡಿತು. ಇಂದು ಕರ್ನಾಟಕದ ಚರ್ಚುಗಳಲ್ಲೂ ಕನ್ನಡದಲ್ಲಿ ಹೇಳುವ ನೈಸಿಯಾದ ವಿಶ್ವಾಸ ಪ್ರಮಾಣ ಬಂದದ್ದು ಈ 381ರ ಪಾಠದಿಂದ.

ನೈಸಿಯಾ ಈಗ ತುರ್ಕಿಯ ಇಜ್ನಿಕ್ ಎಂಬ ಪುಟ್ಟ ಊರು. ಸಭೆಗೆ 1700 ವರ್ಷ ತುಂಬಿದ ನೆನಪಿಗೆ 2025ರ ನವೆಂಬರಿನಲ್ಲಿ ಪೋಪ್ ಹದಿನಾಲ್ಕನೆಯ ಲಿಯೋ ಮತ್ತು ಕಾನ್‌ಸ್ಟಾಂಟಿನೋಪಲ್‌ನ ಪೇಟ್ರಿಯಾರ್ಕ್ ಬಾರ್ತಲೊಮ್ಯೂ ಅಲ್ಲಿನ ಕೆರೆದಂಡೆಯಲ್ಲಿ ಒಟ್ಟಿಗೆ ಪ್ರಾರ್ಥಿಸಿದರು. ಪ್ಲಿನಿ ಆಳುತ್ತಿದ್ದ ಬಿಥಿನಿಯಾದಲ್ಲೇ ಈ ಊರೂ ಇತ್ತು. ಇಲ್ಲಿ ರಂಗಮಂದಿರ ಕಟ್ಟಲು ಹೊರಟು ಹಣವೆಲ್ಲ ನೆಲಕ್ಕೆ ಸುರಿಯುತ್ತಿದ್ದಾರೆಂದು ಟ್ರಾಜನ್‌ಗೆ ಬರೆದ ಇನ್ನೊಂದು ಕಾಗದದಲ್ಲಿ ಅವನು ಗೊಣಗಿದ್ದಾನೆ. ಆ ರಂಗಮಂದಿರದ ಕಲ್ಲುಗಳು ಇವತ್ತಿಗೂ ಇಜ್ನಿಕ್‌ನಲ್ಲಿವೆ.