ಸೋಲಾರಿಸ್: ಕಾದಂಬರಿಕಾರ ಒಪ್ಪದ ಚಿತ್ರ

1972ರಲ್ಲಿ ತೆರೆಕಂಡ ಪುಟ್ಟಣ್ಣ ಕಣಗಾಲರ 'ನಾಗರಹಾವು' ಕನ್ನಡ ಪ್ರೇಕ್ಷಕರನ್ನು ಗೆದ್ದಿತು. ಮೂಲ ಕಾದಂಬರಿಗಳ ಕರ್ತೃ ತ.ರಾ.ಸು. ಅವರನ್ನು ಮಾತ್ರ ಗೆಲ್ಲಲಿಲ್ಲ. ತಮ್ಮ ನಾಗರಹಾವು ತೆರೆಯ ಮೇಲೆ ಕೇರೆಹಾವಾಯಿತು ಎಂಬರ್ಥದ ಅವರ ಅಸಮಾಧಾನ ಚಿತ್ರದಷ್ಟೇ ಪ್ರಸಿದ್ಧವಾಯಿತು. ಅದೇ ವರ್ಷ ಸೋವಿಯತ್ ಒಕ್ಕೂಟದಿಂದ ಬಂದ ಚಿತ್ರವೊಂದು ಇಂಥದೇ ಜಗಳವನ್ನು ಇನ್ನಷ್ಟು ತೀಕ್ಷ್ಣವಾಗಿ ಹುಟ್ಟುಹಾಕಿತು. ಅದು ಪೋಲೆಂಡಿನ ಸ್ತಾನಿಸ್ಲಾವ್ ಲೆಮ್ ಅವರ ವಿಜ್ಞಾನ ಕಾದಂಬರಿಯನ್ನು ಆಧರಿಸಿ ಆಂದ್ರೇ ತಾರ್ಕೋವ್‌ಸ್ಕಿ ನಿರ್ದೇಶಿಸಿದ 'ಸೋಲಾರಿಸ್'. ಆ ಜಗಳ ಲೇಖಕ ಮತ್ತು ನಿರ್ದೇಶಕರಿಬ್ಬರ ಕಾಲಾನಂತರವೂ ಮುಗಿದಿಲ್ಲ.

ಲೆಮ್ ಅವರ ಕಾದಂಬರಿ ಪ್ರಕಟವಾದದ್ದು 1961ರಲ್ಲಿ. ಸೋಲಾರಿಸ್ ಎಂಬ ದೂರದ ಗ್ರಹವನ್ನು ಒಂದೇ ಸಾಗರ ಆವರಿಸಿಕೊಂಡಿದೆ. ಆ ಸಾಗರವೇ ಒಂದು ಜೀವಿ. ಬಹುಶಃ ಆಲೋಚಿಸಬಲ್ಲ ಜೀವಿ. ಅದನ್ನು ಅರಿಯಲು ತಲೆಮಾರುಗಳಿಂದ ವಿಜ್ಞಾನಿಗಳು ಹೆಣಗಿದ್ದಾರೆ, ಸಿದ್ಧಾಂತಗಳನ್ನು ಕಟ್ಟಿ ಕೆಡವಿದ್ದಾರೆ, ಗ್ರಂಥಾಲಯ ತುಂಬುವಷ್ಟು ಬರೆದಿದ್ದಾರೆ. ಫಲಿತಾಂಶ ಶೂನ್ಯ. ಸಾಗರದ ಮೇಲೆ ತೇಲುವ ಸಂಶೋಧನಾ ನಿಲ್ದಾಣಕ್ಕೆ ಮನಶ್ಶಾಸ್ತ್ರಜ್ಞ ಕ್ರಿಸ್ ಕೆಲ್ವಿನ್ ಬಂದಿಳಿಯುತ್ತಾನೆ. ವರ್ಷಗಳ ಹಿಂದೆ ಆತ್ಮಹತ್ಯೆ ಮಾಡಿಕೊಂಡಿದ್ದ ಅವನ ಹೆಂಡತಿ ಅಲ್ಲಿ ಅವನೆದುರು ಪ್ರತ್ಯಕ್ಷಳಾಗುತ್ತಾಳೆ. ಅವಳನ್ನು ಸೃಷ್ಟಿಸಿದ್ದು ಅವನ ನೆನಪನ್ನು ಬಗೆದು ನೋಡಿದ ಸಾಗರ. ಅದು ದಂಡನೆಯೋ ಕೊಡುಗೆಯೋ ಬರಿಯ ಪ್ರಯೋಗವೋ, ಕಾದಂಬರಿ ಹೇಳುವುದಿಲ್ಲ. ಮನುಷ್ಯನ ಅಳತೆಗೋಲಿಗೆ ಸಿಗದ ಬುದ್ಧಿಯೊಂದು ಎದುರಾದರೆ ಮನುಷ್ಯ ಏನು ಮಾಡಿಯಾನು ಎಂಬುದೇ ಲೆಮ್ ಅವರ ಪ್ರಶ್ನೆ.

ತಾರ್ಕೋವ್‌ಸ್ಕಿಯವರ ಚಿತ್ರ ಈ ಪ್ರಶ್ನೆಯನ್ನು ಬದಿಗೆ ಸರಿಸುತ್ತದೆ. ಕಾದಂಬರಿ ನೇರವಾಗಿ ಬಾಹ್ಯಾಕಾಶದಲ್ಲೇ ಆರಂಭವಾದರೆ, ಚಿತ್ರ ಭೂಮಿಯ ಮೇಲೆ ಬಹುಹೊತ್ತು ನಿಲ್ಲುತ್ತದೆ. ನೀರಿನಡಿ ತೂಗುವ ಹುಲ್ಲು, ಹಳೆಯ ಮನೆ, ವೃದ್ಧ ತಂದೆ, ಇದ್ದಕ್ಕಿದ್ದಂತೆ ಸುರಿಯುವ ಮಳೆ. ಭವಿಷ್ಯದ ನಗರವೆಂದು ತೋರಿಸಿದ್ದು ಟೋಕಿಯೊದ ಹೆದ್ದಾರಿಗಳನ್ನು. ಕಾರೊಂದು ಸುರಂಗಗಳೊಳಗೆ ಸಾಗುತ್ತಲೇ ಇರುವ ಆ ನಿಮಿಷಗಳು ಇಂದಿಗೂ ಪ್ರೇಕ್ಷಕರ ತಾಳ್ಮೆಯನ್ನು ಪರೀಕ್ಷಿಸುತ್ತವೆ. ನಿಲ್ದಾಣದೊಳಗೂ ಬಾಖ್‌ನ ಸಂಗೀತ, ಬ್ರೂಗೆಲ್‌ನ ಹಿಮದ ಚಿತ್ರ. ಕೊನೆಗೆ ಕೆಲ್ವಿನ್ ತಂದೆಯ ಮುಂದೆ ಮಂಡಿಯೂರುತ್ತಾನೆ. ಕ್ಯಾಮೆರಾ ಮೇಲೇರಿದಂತೆ ಆ ಮನೆಯೇ ಸಾಗರದ ನಡುವಿನ ಒಂದು ದ್ವೀಪವೆಂದು ತಿಳಿಯುತ್ತದೆ. ಈ ಮನೆ, ಈ ತಂದೆ, ಈ ಪಶ್ಚಾತ್ತಾಪ ಕಾದಂಬರಿಯಲ್ಲಿಲ್ಲ.

ಲೆಮ್ ಮಾಸ್ಕೋಗೆ ಹೋಗಿ ವಾರಗಟ್ಟಲೆ ವಾದಿಸಿದರು, ಜಗಳವಾಡಿ ಹಿಂದಿರುಗಿದರು. ತಾರ್ಕೋವ್‌ಸ್ಕಿ ಮಾಡಿದ್ದು 'ಸೋಲಾರಿಸ್' ಅಲ್ಲ, ದಸ್ತೋವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ' ಎಂಬುದು ಅವರ ಆಕ್ಷೇಪದ ಸಾರ. ವಿಶ್ವವನ್ನು ಅರಿಯುವ ಹಂಬಲವೇ ತಮ್ಮ ಕೃತಿಯ ಜೀವಾಳವಾಗಿರುವಾಗ, ಚಿತ್ರ ಬಾಹ್ಯಾಕಾಶವನ್ನು ಅಹಿತಕರ ತಾಣವಾಗಿಸಿ ಮನೆಗೆ ಮರಳುವುದೇ ಮೇಲೆನ್ನುತ್ತದೆ ಎಂದು ಅವರು ಸಿಡಿಮಿಡಿಗೊಂಡರು. ದೂರು ಆಧಾರರಹಿತವೇನಲ್ಲ. ಸಾಗರದ ಅಧ್ಯಯನದ ಕಲ್ಪಿತ ಇತಿಹಾಸ ಕಾದಂಬರಿಯ ಅತ್ಯಂತ ಸೊಗಸಾದ ಭಾಗ. ಚಿತ್ರದಲ್ಲಿ ಅದರ ನೆರಳಷ್ಟೇ ಉಳಿದಿದೆ.

ಆದರೆ ನಿರ್ದೇಶಕರ ಪರವಾಗಿಯೂ ಹೇಳಬೇಕಾದದ್ದಿದೆ. ಕಾದಂಬರಿಯ ನಿರೂಪಕ ಕೆಲ್ವಿನ್. ಮರಳಿ ಬಂದ ಹೆಂಡತಿಯನ್ನು ಓದುಗ ಅವನ ಕಣ್ಣಿನಿಂದಲೇ ನೋಡಬೇಕು. ಚಿತ್ರದಲ್ಲಿ ನತಾಲಿಯಾ ಬೊಂದಾರ್ಚುಕ್ ಅಭಿನಯಿಸಿದ ಆ ಹೆಣ್ಣು ತನ್ನ ಅಸ್ತಿತ್ವದ ಬಗ್ಗೆ ತಾನೇ ಮಾತನಾಡುತ್ತಾಳೆ. ಯಾರದೋ ನೆನಪಿನ ಪ್ರತಿಯಾಗಿ ಹುಟ್ಟಿದವಳು ನಿಲ್ದಾಣದ ವಿಜ್ಞಾನಿಗಳೆದುರು ತಾನು ಮನುಷ್ಯಳಾಗುತ್ತಿರುವೆನೆಂದು ವಾದಿಸುವ ದೃಶ್ಯ ಮರೆಯಲಾಗದ್ದು. 1972ರ ಕಾನ್ ಚಿತ್ರೋತ್ಸವ ತೀರ್ಪುಗಾರರ ವಿಶೇಷ ಪ್ರಶಸ್ತಿಯನ್ನು ನೀಡಿತು. ವಿಚಿತ್ರವೆಂದರೆ, ತಾರ್ಕೋವ್‌ಸ್ಕಿಯವರಿಗೇ ಈ ಚಿತ್ರದ ಬಗ್ಗೆ ಪೂರ್ಣ ತೃಪ್ತಿಯಿರಲಿಲ್ಲ. ರಾಕೆಟ್, ನಿಲ್ದಾಣಗಳಂಥ ಸಲಕರಣೆಗಳು ಗಮನ ಚದುರಿಸಿದವೆಂಬುದು ಅವರ ಕೊರಗು. ಸ್ಟ್ರುಗಾಟ್‌ಸ್ಕಿ ಸಹೋದರರ ವಿಜ್ಞಾನ ಕಥೆಯಿಂದ 1979ರಲ್ಲಿ 'ಸ್ಟಾಕರ್' ಮಾಡುವಾಗ ಅವರು ಅವನ್ನೆಲ್ಲ ಕೈಬಿಟ್ಟರು. ಆ ಲೇಖಕರು ಲೆಮ್‌ರಂತೆ ಮುನಿಯದೆ ಚಿತ್ರಕಥೆಯನ್ನು ಮತ್ತೆ ಮತ್ತೆ ತಿದ್ದಿ ಬರೆದುಕೊಟ್ಟರು.

2002ರಲ್ಲಿ ಸ್ಟೀವನ್ ಸೋಡರ್‌ಬರ್ಗ್ ಹಾಲಿವುಡ್‌ನಲ್ಲಿ ಜಾರ್ಜ್ ಕ್ಲೂನಿಯವರೊಂದಿಗೆ ಅದೇ ಕಥೆಯನ್ನು ಪುನಃ ತೆರೆಗೆ ತಂದರು. ಇಲ್ಲಿ ದಂಪತಿಗಳ ಪ್ರೇಮವೇ ಮುಂದೆ, ಸಾಗರ ಹಿನ್ನೆಲೆ. ಚಿತ್ರವನ್ನು ನೋಡದೆ ವಿಮರ್ಶೆಗಳನ್ನಷ್ಟೇ ಓದಿದ ಲೆಮ್, ತಾವು ಬರೆದದ್ದು ಅಂತರಿಕ್ಷದ ಪ್ರೇಮಕಥೆಯಲ್ಲವೆಂದು ಮತ್ತೆ ತಕರಾರು ತೆಗೆದರು. ಇಂಗ್ಲಿಷ್ ಓದುಗರ ಕೈಯಲ್ಲಿ ಆಗ ಇದ್ದದ್ದು ಫ್ರೆಂಚಿನಿಂದ ಮಾಡಿದ ಅನುವಾದ. ಅದರ ಬಗೆಗೂ ಲೆಮ್‌ಗೆ ಅಸಮಾಧಾನವಿತ್ತು. ಪೋಲಿಷ್‌ನಿಂದ ನೇರ ಇಂಗ್ಲಿಷ್ ಅನುವಾದ ಬಂದದ್ದು 2011ರಲ್ಲಿ, ಅವರು ತೀರಿಕೊಂಡ ಐದು ವರ್ಷಗಳ ನಂತರ.

ರಾಜಶೇಖರ ಭೂಸನೂರಮಠರಂಥವರು ಕನ್ನಡದಲ್ಲಿ ವಿಜ್ಞಾನ ಕಥೆಗಳನ್ನು ಬರೆದರೂ ಅವುಗಳಿಗೂ ಚಿತ್ರರಂಗಕ್ಕೂ ನಂಟು ಬೆಳೆಯಲಿಲ್ಲ. 'ಸೋಲಾರಿಸ್' ವಿವಾದಕ್ಕೆ ಅತಿ ಸಮೀಪದ ಕನ್ನಡ ನಿದರ್ಶನ ವಿಜ್ಞಾನ ಕಥೆಯಲ್ಲ, ಎಸ್.ಎಲ್. ಭೈರಪ್ಪನವರ 1968ರ ಕಾದಂಬರಿ 'ನಾಯಿ ನೆರಳು' ಮತ್ತು ಗಿರೀಶ ಕಾಸರವಳ್ಳಿ 2006ರಲ್ಲಿ ಅದಕ್ಕೆ ಕೊಟ್ಟ ಚಿತ್ರರೂಪ. ಇಲ್ಲಿಯೂ ಸತ್ತವರು ಮರಳುತ್ತಾರೆ. ಅಚ್ಚಣ್ಣಯ್ಯನ ತೀರಿಹೋದ ಮಗನೇ ತಾನೆಂದು ಕ್ಷೇತ್ರಪಾಲನೆಂಬ ತರುಣ ಹೇಳುತ್ತಾನೆ. ಸೊಸೆ ವೆಂಕು ತನಗಿಂತ ಚಿಕ್ಕವನಾದ ಅವನನ್ನು ಗಂಡನೆಂದು ಒಪ್ಪಬೇಕೆ? ಕಾದಂಬರಿಯ ಜಿಜ್ಞಾಸೆ ಪುನರ್ಜನ್ಮದ್ದು. ಕಾಸರವಳ್ಳಿಯವರ ಕ್ಯಾಮೆರಾ ತಿರುಗುವುದು ವಿಧವೆಯ ಕಡೆಗೆ. ಅವನು ಅವಳ ಗಂಡನೋ ಅಲ್ಲವೋ ಎಂದು ಅವಳ ಪರವಾಗಿ ಮನೆ, ಊರು, ಕೋರ್ಟುಗಳೆಲ್ಲ ತೀರ್ಮಾನಿಸುವುದೇ ಚಿತ್ರದ ವಸ್ತು. ಭೈರಪ್ಪನವರ ತಾತ್ವಿಕ ಹುಡುಕಾಟವನ್ನು ನಿರೀಕ್ಷಿಸಿ ಹೋದ ಓದುಗನಿಗೆ ಅದು ನಷ್ಟ; ವೆಂಕುವನ್ನು ಗಮನಿಸದೆ ಕಾದಂಬರಿ ಓದಿ ಮುಗಿಸಿದವನಿಗೆ ಲಾಭ. ಆ ಪಾತ್ರಕ್ಕಾಗಿ ಪವಿತ್ರಾ ಲೋಕೇಶ್ ಅತ್ಯುತ್ತಮ ನಟಿ ರಾಜ್ಯ ಪ್ರಶಸ್ತಿ ಪಡೆದರು.