ಬುತ್ತಿ ಕಟ್ಟಿದ ಕೈಗಳು

ಬಿಸಿಬೇಳೆಬಾತ್ ಮಾಡಲು ಹೊರಟಾಗಲೇ ಪುಡಿಯ ಡಬ್ಬಿ ಖಾಲಿಯೆಂದು ಗೊತ್ತಾಗುವುದು. ಪುಡಿ ಮಾಡೋಣವೆಂದರೆ ಮರಾಠಿ ಮೊಗ್ಗು ಇರುವುದಿಲ್ಲ. ಯಾವುದಕ್ಕೆ ಯಾವುದು ಬೇಕು, ಯಾವುದು ಮೊದಲು ಆಗಬೇಕು ಎಂಬ ಲೆಕ್ಕ ನಮ್ಮ ತಲೆಯಲ್ಲಿ ಸದಾ ಓಡುತ್ತಿರುತ್ತದೆ. ಉಂಡವರಿಗೆ ಅದು ಕಾಣುವುದಿಲ್ಲ. ಕಂಪ್ಯೂಟರಿನ ಲೋಕದಲ್ಲೂ ಇಂಥದೇ ಲೆಕ್ಕ, ಇಂಥದೇ ಕಾಣದ ಕೆಲಸ ಇದೆಯೆಂದು ತಿಳಿದಾಗ ಅದರ ಚರಿತ್ರೆಯನ್ನು ಹುಡುಕಿ ಓದಿದೆ.

1969ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಅವರ ಸಂಗಡಿಗರು ಯುನಿಕ್ಸ್ ಕಟ್ಟತೊಡಗಿದರು. ಯಂತ್ರಕ್ಕೂ ಅದನ್ನು ಬಳಸುವವರಿಗೂ ನಡುವೆ ನಿಂತು ಎಲ್ಲ ಕೆಲಸ ನಡೆಸಿಕೊಡುವ ಮೂಲ ತಂತ್ರಾಂಶ ಅದು. 1973ರಲ್ಲಿ ಅದನ್ನು ಸಿ ಎಂಬ ಭಾಷೆಯಲ್ಲಿ ಹೊಸದಾಗಿ ಬರೆದರು. ಮುಂದೆ ಅದು ಒಂದೇ ಜಾತಿಯ ಯಂತ್ರಕ್ಕೆ ಅಂಟಿಕೊಳ್ಳದೆ ಬೇರೆ ಬೇರೆ ಯಂತ್ರಗಳಿಗೆ ಹೋಗಲು ಇದರಿಂದ ದಾರಿಯಾಯಿತು. ವಿಶ್ವವಿದ್ಯಾಲಯಗಳಿಗೆ ಯುನಿಕ್ಸ್ ಟೇಪುಗಳಲ್ಲಿ ಹೋಗುತ್ತಿತ್ತು, ಮೂಲ ಬರಹದ ಸಮೇತ. ಮನುಷ್ಯರು ಓದಬಲ್ಲ ಆ ಬರಹವನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರುವುದಕ್ಕೆ ಕಂಪೈಲ್ ಮಾಡುವುದು ಎನ್ನುತ್ತಾರೆ. ಅಕ್ಕಿ ಕೊಟ್ಟ ಮಾತ್ರಕ್ಕೆ ಅನ್ನ ಕೊಟ್ಟಂತಾಗುವುದಿಲ್ಲವಲ್ಲ, ಹಾಗೆ.

ದೊಡ್ಡ ತಂತ್ರಾಂಶವೊಂದು ನೂರಾರು ಕಡತಗಳಲ್ಲಿ ಹರಡಿರುತ್ತದೆ. ಒಂದನ್ನು ತಿದ್ದಿದರೆ ಅದನ್ನು ನಂಬಿದ ಉಳಿದವನ್ನೂ ಮತ್ತೆ ಕಂಪೈಲ್ ಮಾಡಬೇಕು. 1976ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನ ಸ್ಟೀವ್ ಜಾನ್ಸನ್ ಒಂದು ಬೆಳಗ್ಗೆಯೆಲ್ಲ ಇಲ್ಲದ ತಪ್ಪನ್ನು ಹುಡುಕುತ್ತ ಕಳೆದರು. ತಪ್ಪನ್ನು ಅವರು ಆಗಲೇ ತಿದ್ದಿಯಾಗಿತ್ತು; ಆ ಕಡತವನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಅಷ್ಟೆ. ಸಿಟ್ಟಿನಲ್ಲಿ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ಅವರ ಕೋಣೆಗೆ ಬಂದು ಗೊಣಗಿದರು. ಫೆಲ್ಡ್‌ಮನ್ ಅವರಿಗೂ ಹಿಂದಿನ ಸಂಜೆ ಇದೇ ಪಾಡಾಗಿತ್ತು. ಈ ಗೊಣಗಾಟದಿಂದ ಹುಟ್ಟಿದ್ದೇ ‘ಮೇಕ್’. ಯಾವುದಕ್ಕೆ ಯಾವುದು ಬೇಕೆಂದು ಒಮ್ಮೆ ಬರೆದಿಟ್ಟರೆ, ಬದಲಾದದ್ದನ್ನು ತಾನೇ ಗುರುತಿಸಿ ಬೇಕಾದಷ್ಟನ್ನು ಮಾತ್ರ ಮತ್ತೆ ತಯಾರಿಸುವ ಸಾಧನ ಅದು.

ಅದರಲ್ಲೊಂದು ತೊಡಕು ಉಳಿದುಕೊಂಡಿತು. ಕೆಲಸ ಹೇಳುವ ಸಾಲುಗಳು ಟ್ಯಾಬ್ ಎಂಬ ಕೀಲಿಯಿಂದಲೇ ಶುರುವಾಗಬೇಕು. ಬರಿಯ ಖಾಲಿ ಜಾಗ ಬಿಟ್ಟರೆ ನಡೆಯದು. ತಿದ್ದೋಣವೆಂದು ಫೆಲ್ಡ್‌ಮನ್ ಅವರಿಗೆ ಅನಿಸುವಷ್ಟರಲ್ಲಿ ಹತ್ತು ಹನ್ನೆರಡು ಮಂದಿ ಬಳಸತೊಡಗಿದ್ದರು. ಅವರಿಗೆ ತೊಂದರೆಯಾಗದಿರಲೆಂದು ಹಾಗೆಯೇ ಬಿಟ್ಟರು. ಆ ಕೆಲವರ ಮೇಲಿನ ದಾಕ್ಷಿಣ್ಯಕ್ಕೆ ಜಗತ್ತಿನ ತಂತ್ರಜ್ಞರು ಇಂದಿಗೂ ಟ್ಯಾಬ್ ಒತ್ತುತ್ತಿದ್ದಾರೆ. ಇಂಥ ದಾಕ್ಷಿಣ್ಯದ ಪದ್ಧತಿಗಳು ನಮ್ಮ ಮನೆಗಳಲ್ಲೂ ಎಷ್ಟಿಲ್ಲ!

ಮುಂದೆ ಯುನಿಕ್ಸಿನ ವಂಶ ಬೆಳೆಯಿತು. ಬರ್ಕ್ಲಿ ವಿಶ್ವವಿದ್ಯಾಲಯದ್ದು ಒಂದು ಶಾಖೆ, ಕಂಪ್ಯೂಟರ್ ಕಂಪನಿಗಳದ್ದು ಒಂದೊಂದು. ಅಕ್ಕತಂಗಿಯರ ಮನೆಗಳ ಹಾಗೆ ಎಲ್ಲವೂ ಒಂದೇ ತೆರ. ಆದರೆ ಡಬ್ಬಿ ಇಡುವ ಜಾಗ ಮಾತ್ರ ಬೇರೆ ಬೇರೆ. ಒಂದು ಕಡೆ ನಡೆದದ್ದು ಇನ್ನೊಂದು ಕಡೆ ನಡೆಯುತ್ತಿರಲಿಲ್ಲ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ಬರೆದಾಗ ಯುನಿಕ್ಸನ್ನು ಹೋಲುವ ಇನ್ನೊಂದು ವಂಶವೂ ಸೇರಿಕೊಂಡಿತು. ಪ್ರತಿಯೊಬ್ಬರೂ ಪ್ರತಿ ತಂತ್ರಾಂಶವನ್ನೂ ತಾವೇ ಕಂಪೈಲ್ ಮಾಡುತ್ತ ಕೂರಲಾದೀತೆ?

1993ರ ಆಗಸ್ಟ್‌ನಲ್ಲಿ ಇಯಾನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ ಡೆಬಿಯನ್ ಯೋಜನೆಯನ್ನು ಸಾರಿದರು. ತಮ್ಮ ಗೆಳತಿ ಡೆಬ್ರಾಳ ಹೆಸರನ್ನೂ ತಮ್ಮ ಹೆಸರನ್ನೂ ಕೂಡಿಸಿ ಇಟ್ಟ ಹೆಸರದು. ಸ್ವಯಂಸೇವಕರು ತಂತ್ರಾಂಶಗಳನ್ನು ಹಂಚಿಕೊಂಡು, ತಾವೇ ಕಂಪೈಲ್ ಮಾಡಿ, ಎಲ್ಲಿ ಇಡಬೇಕು, ಜೊತೆಗೆ ಏನೇನು ಬೇಕು ಎಂಬ ಚೀಟಿಯೊಡನೆ ಕಟ್ಟಿಡುವುದು ಆ ಯೋಜನೆಯ ಕ್ರಮವಾಯಿತು. ಇದನ್ನೇ ಪ್ಯಾಕೇಜು ಎನ್ನುತ್ತಾರೆ. ನನಗೆ ಬುತ್ತಿಯೆಂಬ ಮಾತೇ ಹಿಡಿಸುತ್ತದೆ. 1998ರಲ್ಲಿ ಬಂದ ‘ಆಪ್ಟ್’ ಎಂಬ ಸಾಧನ ಒಂದು ಬುತ್ತಿ ಕೇಳಿದರೆ ಅದಕ್ಕೆ ಬೇಕಾದ ಉಳಿದವನ್ನೂ ತಾನೇ ತಂದುಕೊಡತೊಡಗಿತು. ಬರ್ಕ್ಲಿಯ ವಂಶದವರದು ಬೇರೆ ದಾರಿ. 1994ರಲ್ಲಿ ಫ್ರೀಬಿಎಸ್‌ಡಿಯ ಜೋರ್ಡನ್ ಹಬರ್ಡ್ ‘ಪೋರ್ಟ್ಸ್’ ಆರಂಭಿಸಿದರು. ಅಲ್ಲಿ ಇಟ್ಟದ್ದು ಮೂಲ ಬರಹವನ್ನು ತಂದು ತಯಾರಿಸುವ ವಿಧಾನವನ್ನು; ಅದಕ್ಕೆ ಆಧಾರ ಅದೇ ಹಳೆಯ ಮೇಕ್. ಅದರಿಂದ 1997ರಲ್ಲಿ ನೆಟ್‌ಬಿಎಸ್‌ಡಿಯವರ ‘ಪಿಕೆಜಿಸೋರ್ಸ್’ ಹುಟ್ಟಿತು. ಒಂದೇ ವಿಧಾನ ಲಿನಕ್ಸ್, ಸೊಲಾರಿಸ್, ಮ್ಯಾಕ್ ಮುಂತಾದ ಹಲವು ಮನೆಗಳಲ್ಲಿ ನಡೆಯುವಂತಾಯಿತು.

ಬಡಿಸುವುದು ಸುಲಭವಾದಷ್ಟೂ ಅಡುಗೆಮನೆಯತ್ತ ಇಣುಕುವವರು ಕಡಿಮೆಯಾದರು. ಅದರ ಬೆಲೆ 2024ರಲ್ಲಿ ತಿಳಿಯಿತು. ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ‘ಎಕ್ಸ್‌ಜಡ್’ ಎಂಬ ತಂತ್ರಾಂಶ ಬಹುತೇಕ ಎಲ್ಲ ಲಿನಕ್ಸ್‌ಗಳಲ್ಲೂ ಇದೆ. ಅದನ್ನು ಬಹುಮಟ್ಟಿಗೆ ಒಬ್ಬರೇ ವರ್ಷಗಟ್ಟಲೆ ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ಅವರಿಗೆ ಕೈ ಸೋತಿತ್ತು. ಕೆಲಸ ತಡವಾಯಿತೆಂದು ದೂರುವವರಿದ್ದರು. ಆಗ ‘ಜಿಯಾ ತಾನ್’ ಎಂಬ ಹೆಸರಿನಲ್ಲಿ ಯಾರೋ ನೆರವಿಗೆ ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ನೆಟ್ಟಗೆ ದುಡಿದು ನಂಬಿಕೆ ಗಳಿಸಿ, ಕೊನೆಗೆ ವಿಷ ಬೆರೆಸಿದರು. ಅದನ್ನು ಬೆರೆಸಿದ ಜಾಗವಾದರೂ ಎಂಥದು! ವಿಷವನ್ನು ಎಚ್ಚರಿಸುವ ಸಾಲು ಎಲ್ಲರೂ ನೋಡುವ ಮೂಲ ಬರಹದಲ್ಲಿರಲಿಲ್ಲ. ಬಿಡುಗಡೆಗೆಂದು ಕಟ್ಟಿದ ಗಂಟಿನಲ್ಲಿತ್ತು. ಪ್ಯಾಕೇಜು ಕಟ್ಟುವ ಹೊತ್ತಿಗೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ಅದು ಎಲ್ಲೆಡೆ ಹರಡಿದ್ದರೆ ಅಸಂಖ್ಯ ಯಂತ್ರಗಳ ಬಾಗಿಲು ಕಳ್ಳರಿಗೆ ತೆರೆಯುತ್ತಿತ್ತು.

ಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ದೂರದ ಯಂತ್ರದೊಳಗೆ ಪ್ರವೇಶಿಸಲು ಎಂದಿಗಿಂತ ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತಾಗುತ್ತಿತ್ತು. ಬೇರೆಯವರಾಗಿದ್ದರೆ ಸುಮ್ಮನಿರುತ್ತಿದ್ದರು. ಅವರು ಬೆನ್ನುಹತ್ತಿ ನೋಡಿ 2024ರ ಮಾರ್ಚ್ 29ರಂದು ಜಗತ್ತಿಗೆ ತಿಳಿಸಿದರು. ಹಾಲಿನ ವಾಸನೆ ತುಸು ಬೇರೆಯೆನಿಸಿದ ಕೂಡಲೇ ಮಗುವಿಗೆ ಕೊಡದೆ ಪಕ್ಕಕ್ಕಿಡುವ ತಾಯಂದಿರ ನೆನಪಾಯಿತು ನನಗೆ.

ಡೆಬಿಯನ್‌ನಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಎರಡು ಕನ್ನಡ ಅಕ್ಷರಶೈಲಿಗಳ ಬುತ್ತಿಗಳಿವೆ. ಜಗತ್ತಿನ ಯಾವ ಮೂಲೆಯ ಕನ್ನಡಿಗರೂ ಕೇಳಿದರೆ ಬಿಡಿಕಾಸಿಲ್ಲದೆ ಸಿಗುತ್ತವೆ. ಅಲ್ಲಿನ ಪ್ರತಿ ಬುತ್ತಿಯ ಚೀಟಿಯಲ್ಲೂ ಅದನ್ನು ನೋಡಿಕೊಳ್ಳುವ ವ್ಯಕ್ತಿಯದೋ ತಂಡದ್ದೋ ಹೆಸರು ಬರೆದಿರಲೇಬೇಕೆಂಬ ನಿಯಮವುಂಟು. ಅದು ಒಳ್ಳೆಯ ನಿಯಮ. ಆದರೆ ಹೆಸರು ಬರೆದರೆ ಸಾಲದು. ಆ ಕೈ ಸೋತಿದೆಯೇ ಎಂದು ಆಗಾಗ ಕೇಳುವವರೂ ಬೇಕು. ಎಕ್ಸ್‌ಜಡ್‌ನ ಕತೆಯಲ್ಲಿ ಹಾಗೆ ಕೇಳಲು ಮೊದಲು ಬಂದದ್ದು ಕಳ್ಳನೇ ಆದದ್ದು ನನ್ನನ್ನು ಇನ್ನೂ ಕಾಡುತ್ತಿದೆ.