ನೀರು ಮಾಗುವ ತನಕ

ಹೊಸ ಅಕ್ವೇರಿಯಂ ಕೊಳ್ಳೋಕೆ ಹೋದವರಿಗೆ ಅಂಗಡಿಯಲ್ಲಿ ಸಿಗೋ ಉಪದೇಶ ಸಾಮಾನ್ಯವಾಗಿ ಒಂದೇ: "ನೀರು ತುಂಬಿಸಿ ಒಂದು ದಿನ ಬಿಡಿ ಸಾರ್, ನಾಳೆ ಮೀನು ಬಿಡಬಹುದು." ಕೆಲವು ಕಡೆ ಆ ಒಂದು ದಿನವೂ ಇಲ್ಲ, ಟ್ಯಾಂಕಿನ ಜೊತೆಗೇ ಪ್ಲಾಸ್ಟಿಕ್ ಕವರಿನಲ್ಲಿ ಮೀನನ್ನೂ ಕಟ್ಟಿ ಕೊಡ್ತಾರೆ. ಮೊದಲೆರಡು ದಿನ ಎಲ್ಲ ಚೆನ್ನಾಗಿರುತ್ತೆ. ಆಮೇಲೆ ನೀರು ಮಬ್ಬಾಗುತ್ತೆ. ವಾರ ಕಳೆಯೋದರೊಳಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡೋಕೆ ಶುರು ಮಾಡ್ತವೆ. ಒಂದೊಂದಾಗಿ ಸಾಯ್ತವೆ. ಮನೆಯವರು "ನಮಗೆ ಮೀನು ಆಗಿಬರಲ್ಲ" ಅಂತ ತೀರ್ಮಾನಿಸಿ ಟ್ಯಾಂಕನ್ನ ಅಟ್ಟಕ್ಕೆ ಹಾಕ್ತಾರೆ.

ಆಗಿಬರೋದು ಬಿಡೋದು ಇಲ್ಲಿ ಏನೂ ಇಲ್ಲ, ಇರೋದು ಅಮೋನಿಯಾ. ಮೀನು ತನ್ನ ಮೈಯ ಕಲ್ಮಶವನ್ನ ಹೆಚ್ಚಾಗಿ ಕಿವಿರುಗಳ ಮೂಲಕ ಅಮೋನಿಯಾ ರೂಪದಲ್ಲಿ ಹೊರಹಾಕುತ್ತೆ. ದನದ ಕೊಟ್ಟಿಗೆಯಲ್ಲಿ ಬೆಳಗ್ಗೆ ಮೂಗಿಗೆ ಹೊಡೆಯೋ ಘಾಟು ಇದೆಯಲ್ಲ, ಅದೇ. ಹಳೇ ಟ್ಯಾಂಕಿನಲ್ಲಿ ಇದನ್ನ ಒಂದು ಗುಂಪಿನ ಸೂಕ್ಷ್ಮಜೀವಿಗಳು ನೈಟ್ರೈಟ್ ಮಾಡ್ತವೆ, ಇನ್ನೊಂದು ಗುಂಪು ಆ ನೈಟ್ರೈಟನ್ನ ನೈಟ್ರೇಟ್ ಮಾಡುತ್ತೆ. ಮೊದಲೆರಡೂ ಮೀನಿಗೆ ವಿಷ, ಮೂರನೆಯದು ಅಷ್ಟಾಗಿ ಅಲ್ಲ. ಹೊಸ ಟ್ಯಾಂಕಿನಲ್ಲಿ ಈ ಕೆಲಸಗಾರರು ಇನ್ನೂ ಬಂದು ನೆಲೆಸಿರಲ್ಲ. ಅವರು ನೆಲೆಯೂರೋಕೆ ನಾಲ್ಕರಿಂದ ಆರು ವಾರ ಬೇಕು. ಹವ್ಯಾಸಿಗಳು ಇದಕ್ಕೆ "ಸೈಕ್ಲಿಂಗ್" ಅಂತಾರೆ. ನಮ್ಮೂರಿನಲ್ಲಿ ಬೆಳೆದವನಿಗೆ ಅದಕ್ಕಿಂತ ಒಳ್ಳೇ ಪದ ಗೊತ್ತು: ಮಾಗೋದು. ಹಸಿ ಸಗಣಿಯನ್ನ ಯಾರೂ ನೇರ ಗದ್ದೆಗೆ ಸುರಿಯಲ್ಲ. ತಿಪ್ಪೆಯಲ್ಲಿ ಮಾಗಬೇಕು, ಆಮೇಲೇ ಗೊಬ್ಬರ. ಟ್ಯಾಂಕಿನ ನೀರೂ ಹಾಗೇ.

ಇಷ್ಟು ಸಣ್ಣ ವಿಷಯ ಮನುಷ್ಯನಿಗೆ ತಿಳಿಯೋಕೆ ಎಷ್ಟು ಕಾಲ ಹಿಡೀತು ಅಂತ ಹುಡುಕಿಕೊಂಡು ಹೋದಾಗ ನನಗೆ ಸಿಕ್ಕಿದ್ದು ಒಂದು ಅಪ್ಪ-ಮಗನ ಕಥೆ. ಇಬ್ಬರ ಹೆಸರೂ ರಾಬರ್ಟ್ ವಾರಿಂಗ್ಟನ್. ಅಪ್ಪ ಟ್ಯಾಂಕ್ ಕಟ್ಟಿದ. ಅದು ಯಾಕೆ ಬದುಕಿತು ಅನ್ನೋ ಪ್ರಶ್ನೆಯ ದೊಡ್ಡ ಭಾಗಕ್ಕೆ ಉತ್ತರ ಕಂಡುಕೊಂಡವನು ಮಗ, ಅದೂ ಟ್ಯಾಂಕಿನಲ್ಲಲ್ಲ, ಹೊಲದ ಮಣ್ಣಿನಲ್ಲಿ.

ಅಪ್ಪ ಲಂಡನ್ನಿನ ಅಪಾಥೆಕರೀಸ್ ಹಾಲ್‌ನಲ್ಲಿ ರಸಾಯನಶಾಸ್ತ್ರಜ್ಞ. 1841ರಲ್ಲಿ ಶುರುವಾದ ಕೆಮಿಕಲ್ ಸೊಸೈಟಿಯ ಹಿಂದೆ ಮುಖ್ಯವಾಗಿ ಓಡಾಡಿದವನು. ಆ ಕಾಲಕ್ಕೆ ಗಿಡಗಳು ಗಾಳಿಯನ್ನ ಸರಿಪಡಿಸುತ್ತವೆ ಅನ್ನೋದು ಹೊಸದೇನಲ್ಲ. 1771ರಲ್ಲೇ ಜೋಸೆಫ್ ಪ್ರೀಸ್ಟ್ಲಿ ಮುಚ್ಚಿದ ಗಾಜಿನೊಳಗೆ ಪುದೀನ ಇಟ್ಟು, ಮೇಣದಬತ್ತಿ ಉರಿದು ಕೆಟ್ಟ ಗಾಳಿ ಮತ್ತೆ ಸರಿಹೋಗೋದನ್ನ ನೋಡಿದ್ದ. ಅದಕ್ಕೆ ಬಿಸಿಲು ಬೇಕು ಅಂತ 1779ರಲ್ಲಿ ಇಂಗೆನ್‌ಹೌಸ್ ತೋರಿಸಿದ. ಇದನ್ನೇ ನೀರೊಳಗೆ ಮಾಡಿ ನೋಡೋಣ ಅಂತ ವಾರಿಂಗ್ಟನ್ 1849ರಲ್ಲಿ ಹೊರಟ. 12 ಗ್ಯಾಲನ್, ಅಂದರೆ ಸುಮಾರು 55 ಲೀಟರಿನ ಗಾಜಿನ ಪಾತ್ರೆ. ಅದರಲ್ಲಿ ಅರ್ಧ ನೀರು. ತಳದಲ್ಲಿ ಮರಳು, ಕೆಸರು, ಒಂದಷ್ಟು ಕಲ್ಲು. ವ್ಯಾಲಿಸ್ನೇರಿಯಾ ಅನ್ನೋ ರಿಬ್ಬನ್ನಿನಂಥ ಎಲೆಯ ಜಲಸಸ್ಯ. ಎರಡು ಪುಟ್ಟ ಗೋಲ್ಡ್‌ಫಿಶ್.

ಸ್ವಲ್ಪ ದಿನಕ್ಕೆ ಎಲೆ ಕೊಳೆತು ನೀರು ಕಲಕಿತು, ಲೋಳೆ ಕಟ್ಟಿತು. ಆಗ ಕೊಳಗಳಲ್ಲಿ ಬಸವನಹುಳುಗಳು ಕೊಳೆತದ್ದನ್ನ ತಿಂದು ಬದುಕೋದು ನೆನಪಾಗಿ ಐದಾರು ಹುಳು ತಂದು ಬಿಟ್ಟ. ನೀರು ತಿಳಿಯಾಯಿತು. ಮೀನು ಬದುಕಿದವು. 1850ರ ಮಾರ್ಚಿನಲ್ಲಿ ಸೊಸೈಟಿಯ ಮುಂದೆ ಇದನ್ನೆಲ್ಲ ವರದಿ ಮಾಡಿದ. ಮೀನು ಗಿಡಕ್ಕೆ ಆಹಾರ ಕೊಡುತ್ತೆ, ಗಿಡ ಮೀನಿಗೆ ಆಮ್ಲಜನಕ ಕೊಡುತ್ತೆ, ಬಸವನಹುಳು ಕಸ ಗುಡಿಸುತ್ತೆ. ಲೆಕ್ಕ ಚೊಕ್ಕವಾಗಿ ಕೂತಿತ್ತು. ಇದೇ ಮುಂದೆ "ಸಮತೋಲಿತ ಅಕ್ವೇರಿಯಂ" ಅಂತ ಹೆಸರಾಯಿತು.

ಇವತ್ತಿನ ಕಣ್ಣಲ್ಲಿ ನೋಡಿದರೆ ಅವನು ಮಾಡಿದ್ದು ಮೀನು ಇಟ್ಟುಕೊಂಡೇ ಟ್ಯಾಂಕನ್ನ ಮಾಗಿಸೋ ಕೆಲಸ. ಅದು ಗೆದ್ದಿದ್ದಕ್ಕೆ ಕಾರಣಗಳೂ ಕಾಣ್ತವೆ. ಅಷ್ಟು ನೀರಿಗೆ ಎರಡೇ ಚಿಕ್ಕ ಮೀನು. ಅಮೋನಿಯಾವನ್ನ ನೇರವಾಗಿ ಹೀರೋ ಗಿಡಗಳು. ಎಲ್ಲಕ್ಕಿಂತ ಹೆಚ್ಚಾಗಿ ತಳದ ಕೆಸರು: ಬೇಕಾದ ಸೂಕ್ಷ್ಮಜೀವಿಗಳು ಅದರ ಜೊತೆಗೇ ಬಂದಿರಬೇಕು. ಆದರೆ ವಾರಿಂಗ್ಟನ್ ಲೆಕ್ಕದಲ್ಲಿ ಕೆಸರು ಬರೀ ಗಿಡದ ಬೇರಿಗೆ ಹಾಸಿಗೆ.

ಆಮೇಲೆ ಬಂದಿದ್ದು ಹುಚ್ಚು. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲೇ ರದ್ದಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ "ಫಿಶ್ ಹೌಸ್" ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ 'ದಿ ಅಕ್ವೇರಿಯಂ' ಪುಸ್ತಕ ಬಂದು, ಆ ಪದವೇ ಮನೆಮಾತಾಯಿತು. ಮಧ್ಯಮವರ್ಗದ ಮನೆಗಳ ಹಜಾರದಲ್ಲೆಲ್ಲ ಗಾಜಿನ ತೊಟ್ಟಿ. ಜನ ಗಿಡ, ಮೀನು, ಹುಳು ಮೂರನ್ನೂ ತಂದರು, ಆದರೆ ತೊಳೆದು ಚೊಕ್ಕ ಮಾಡಿದ ತೊಟ್ಟಿಯಲ್ಲಿ ಮೀನು ತುಂಬಿಸಿ ಇಟ್ಟರು. ನೀರು ನಾರಿತು, ಮೀನು ಸತ್ತವು. 1860ರ ದಶಕ ಮುಗಿಯೋ ಹೊತ್ತಿಗೆ ಹುಚ್ಚು ಇಳಿದಿತ್ತು. ನಮ್ಮ ಅಪಾರ್ಟ್‌ಮೆಂಟುಗಳ ಅಟ್ಟದ ಮೇಲೆ ಈಗ ಇರೋ ಖಾಲಿ ಟ್ಯಾಂಕುಗಳ ವಂಶವೃಕ್ಷ ಅಲ್ಲಿಂದಲೇ ಶುರು.

ಈಗ ಕಥೆ ಮೀನು ಬಿಟ್ಟು ಗೊಬ್ಬರದ ಕಡೆ ತಿರುಗಬೇಕು. ಪೆಟ್ಲುಪ್ಪು ಕೇಳಿದ್ದೀರಲ್ಲ? ಮದ್ದುಗುಂಡಿನ ಮುಕ್ಕಾಲು ಪಾಲು ಅದೇ. ಮೈಸೂರಿನ ರಾಕೆಟ್ಟುಗಳನ್ನ ಹಾರಿಸಿದ ಮದ್ದಿನಲ್ಲೂ ಅದೇ. ರಸಾಯನಶಾಸ್ತ್ರದಲ್ಲಿ ಅದು ಪೊಟ್ಯಾಸಿಯಂ ನೈಟ್ರೇಟ್. ಬಿಹಾರದಲ್ಲಿ ಹಳೇ ಗೋಡೆ, ಕೊಟ್ಟಿಗೆ, ಊರ ಸುತ್ತಲಿನ ಮಣ್ಣಿನ ಮೇಲೆ ಬೆಳ್ಳಗೆ ಉಕ್ಕುತ್ತಿದ್ದ ಉಪ್ಪನ್ನ ಕೆರೆದು, ಕುದಿಸಿ ತೆಗೀತಿದ್ದರು. ಈಸ್ಟ್ ಇಂಡಿಯಾ ಕಂಪನಿ ಅದನ್ನ ಹಡಗುಗಟ್ಟಲೆ ಒಯ್ಯುತ್ತಿತ್ತು. ಯುರೋಪಿನಲ್ಲಿ ಸಗಣಿ, ಗಂಜಲ, ಮಣ್ಣು, ಸುಣ್ಣ ಸೇರಿಸಿ ಗುಡ್ಡೆ ಹಾಕಿ ತಿಂಗಳುಗಟ್ಟಲೆ ಮಗುಚಿ ಅದನ್ನೇ ಮಾಡ್ತಿದ್ದರು. ಗಂಜಲದ ಅಮೋನಿಯಾ ಹೇಗೋ ನೈಟ್ರೇಟ್ ಆಗುತ್ತೆ ಅಂತ ಗೊತ್ತಿತ್ತು. ಹೇಗೆ ಅಂತ ಗೊತ್ತಿರಲಿಲ್ಲ. ಬರೀ ರಾಸಾಯನಿಕ ಕ್ರಿಯೆ ಅಂತ ತುಂಬ ಜನ ನಂಬಿದ್ದರು.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಒಂದು ಸರಳ ಪ್ರಯೋಗ ಮಾಡಿದರು. ಮರಳು ಮತ್ತು ಸುಣ್ಣಕಲ್ಲು ತುಂಬಿದ ಉದ್ದನೆ ಕೊಳವೆಯ ಮೂಲಕ ಚರಂಡಿ ನೀರನ್ನ ನಿಧಾನಕ್ಕೆ ಇಳಿಬಿಟ್ಟರು. ಮೊದಲ 20 ದಿನ ಏನೂ ಆಗಲಿಲ್ಲ, ಅಮೋನಿಯಾ ಹೋದಹಾಗೇ ಹೊರಗೆ ಬಂತು. ಆಮೇಲೆ ನೈಟ್ರೇಟ್ ಕಾಣಿಸಿತು, ನೋಡನೋಡ್ತಾ ಅಮೋನಿಯಾ ಪೂರ್ತಿ ಮಾಯ. ಬರೀ ರಾಸಾಯನಿಕ ಕ್ರಿಯೆ ಆಗಿದ್ದರೆ ಮೊದಲ ದಿನವೇ ಆಗಬೇಕಿತ್ತು, 20 ದಿನ ಯಾಕೆ ಕಾಯಬೇಕು? ಅವರು ಕೊಳವೆಗೆ ಕ್ಲೋರೋಫಾರ್ಮ್ ಆವಿ ಹಾಯಿಸಿದರು. ಎಲ್ಲ ನಿಂತಿತು. ಆಮೇಲೆ ಒಂಚೂರು ಮಣ್ಣು ಕದಡಿದ ನೀರು ಸೇರಿಸಿದರು. ಮತ್ತೆ ಶುರುವಾಯಿತು. ಅಂದಮೇಲೆ ಒಳಗೆ ಜೀವ ಇದೆ.

ಆ 20 ದಿನದ ಮೌನ ಇದೆಯಲ್ಲ, ನಿಮ್ಮ ಹೊಸ ಟ್ಯಾಂಕಿನ ಮೊದಲ ಮೂರು ವಾರ ಅದೇ. ಒಂದೇ ವ್ಯತ್ಯಾಸ: ಅವರ ಕೊಳವೆಯಲ್ಲಿ ಮೀನಿರಲಿಲ್ಲ.

ಇದನ್ನ ಓದಿ ಕೆಲಸಕ್ಕೆ ಇಳಿದವನು ಮಗ ವಾರಿಂಗ್ಟನ್. 1838ರಲ್ಲಿ ಹುಟ್ಟಿದವನು, ಅಪ್ಪ ಟ್ಯಾಂಕಿಗೆ ನೀರು ತುಂಬಿಸಿದಾಗ ಹತ್ತು-ಹನ್ನೊಂದರ ಹುಡುಗ. 1876ರಿಂದ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಪ್ರಯೋಗಕೇಂದ್ರದಲ್ಲಿದ್ದ. ಹೊಲಕ್ಕೆ ಹಾಕಿದ ಅಮೋನಿಯಾ ಗೊಬ್ಬರ ಏನಾಗುತ್ತೆ ಅನ್ನೋದು ಅಲ್ಲಿನ ಪ್ರಶ್ನೆ. ವರ್ಷಗಟ್ಟಲೆ ಕೂತು ಅವನು ತೋರಿಸಿದ್ದು: ಈ ಕೆಲಸ ಒಂದೇ ಹಂತದಲ್ಲಿ ಆಗಲ್ಲ. ಒಂದು ಜೀವಿ ಅಮೋನಿಯಾವನ್ನ ನೈಟ್ರೈಟ್ ಮಾಡಿ ನಿಲ್ಲುತ್ತೆ, ಇನ್ನೊಂದು ನೈಟ್ರೈಟನ್ನ ನೈಟ್ರೇಟ್ ಮಾಡುತ್ತೆ. ಹೊಸ ಟ್ಯಾಂಕಿನಲ್ಲಿ ಮೊದಲು ಅಮೋನಿಯಾ ಏರಿ ಇಳಿದು, ಅದು ಇಳೀತು ಅಂತ ಖುಷಿಪಡೋ ಹೊತ್ತಿಗೆ ನೈಟ್ರೈಟ್ ಏರೋದು ಯಾಕೆ ಅನ್ನೋದಕ್ಕೆ ಇದೇ ಉತ್ತರ. ಆದರೆ ಅಪ್ಪ 1867ರಲ್ಲೇ ತೀರಿಕೊಂಡಿದ್ದ.

ಆ ಜೀವಿಗಳನ್ನ ಬೇರ್ಪಡಿಸಿ ಬೆಳೆಸೋ ಹೆಸರು ಮಾತ್ರ ಬೇರೆಯವರಿಗೆ ಹೋಯಿತು. ಆಗಿನ ಪದ್ಧತಿ ಪ್ರಕಾರ ಸೂಕ್ಷ್ಮಜೀವಿಗಳನ್ನ ಜೆಲಟಿನ್‌ನಂಥ ಪೌಷ್ಟಿಕ ಪದಾರ್ಥದ ಮೇಲೆ ಬೆಳೆಸ್ತಿದ್ದರು. ಇವು ಅಲ್ಲಿ ಬೆಳೀತಾನೇ ಇರಲಿಲ್ಲ. ಜ್ಯೂರಿಕ್‌ನಲ್ಲಿದ್ದ ಸೆರ್ಗೆಯ್ ವಿನೊಗ್ರಾಡ್‌ಸ್ಕಿಗೆ 1890ರ ಹೊತ್ತಿಗೆ ಗುಟ್ಟು ಹೊಳೆಯಿತು: ಇವಕ್ಕೆ ಊಟವೇ ಬೇಡ! ಅಮೋನಿಯಾ ಸುಟ್ಟು ಶಕ್ತಿ ಪಡೆದು, ಇಂಗಾಲದ ಡೈಆಕ್ಸೈಡಿನಿಂದ ಮೈ ಕಟ್ಟಿಕೊಳ್ಳೋ ಜಾತಿ. ಇಷ್ಟು ಬಡ ಬದುಕು ಆದ್ದರಿಂದಲೇ ಇವು ಬೆಳೆಯೋದು ನಿಧಾನ. ನಮ್ಮ ಕರುಳಿನ ಇ-ಕೊಲೈ ಅನುಕೂಲ ಇದ್ದರೆ 20 ನಿಮಿಷಕ್ಕೆ ಎರಡಾಗುತ್ತೆ. ಇವಕ್ಕೆ ಹಲವು ಗಂಟೆ, ಎಷ್ಟೋ ಸಲ ಒಂದು ಇಡೀ ದಿನವೇ ಬೇಕು.

ವಿಚಿತ್ರ ಅಂದರೆ ಈ ಸುದ್ದಿ ಮೀನು ಸಾಕೋರ ಹತ್ತಿರ ಬರೋಕೆ ಇನ್ನೂ ಅರ್ಧ ಶತಮಾನಕ್ಕಿಂತ ಹೆಚ್ಚೇ ಹಿಡೀತು. ಮಣ್ಣಿನವರ ಟೀಮ್ ಬೇರೆ, ಮೀನಿನವರ ಟೀಮ್ ಬೇರೆ, ಒಬ್ಬರ ಡಾಕ್ಯುಮೆಂಟ್ ಇನ್ನೊಬ್ಬರು ಓದಲ್ಲ. ನಮ್ಮ ಕಂಪನಿಗಳಲ್ಲೂ ದಿನಾ ನೋಡೋದೇ. ಮೀನಿನ ಪುಸ್ತಕಗಳಲ್ಲಿ ಅಪ್ಪನ ಸಮತೋಲನದ ಸಿದ್ಧಾಂತವೇ ನಡೀತಾ ಇತ್ತು. 1949ರಲ್ಲಿ ಅಮೆರಿಕದ ಜೇಮ್ಸ್ ಆಟ್ಸ್ ಅದೊಂದು ಮಿಥ್ಯೆ ಅಂತ ಲೇಖನ ಬರೆದ. 1970ರಲ್ಲಿ ಸ್ಟೀಫನ್ ಸ್ಪಾಟ್ ತನ್ನ ಪುಸ್ತಕದಲ್ಲಿ ಫಿಲ್ಟರನ್ನ ಸೂಕ್ಷ್ಮಜೀವಿಗಳ ಮನೆಯಾಗಿ ವಿವರಿಸಿದ. 1998ರಲ್ಲಿ ಹೊವಾನೆಕ್ ಮತ್ತು ಸಂಗಡಿಗರು ಡಿಎನ್‌ಎ ನೋಡಿ, ಸಿಹಿನೀರಿನ ಟ್ಯಾಂಕುಗಳಲ್ಲಿ ನೈಟ್ರೈಟ್ ಕೆಲಸ ಮಾಡೋದು ಪಠ್ಯಪುಸ್ತಕದ ನೈಟ್ರೋಬ್ಯಾಕ್ಟರ್ ಅಲ್ಲ, ನೈಟ್ರೋಸ್ಪೈರಾ ಅಂದರು. 2015ರಲ್ಲಿ ಎರಡೂ ಹಂತವನ್ನ ಒಂದೇ ಜೀವಿ ಮಾಡಬಲ್ಲದು ಅಂತ ಎರಡು ತಂಡಗಳು ಒಟ್ಟಿಗೇ ತೋರಿಸಿದವು. ಅವುಗಳಲ್ಲಿ ಒಂದು ತಂಡಕ್ಕೆ ಅದು ಸಿಕ್ಕಿದ್ದು ಮೀನು ಸಾಕಣೆಯ ಫಿಲ್ಟರಿನಲ್ಲಿ!

ಇಷ್ಟೆಲ್ಲ ಇತಿಹಾಸ ಯಾಕೆ ಹೇಳಿದೆ ಅಂದರೆ, ನನ್ನ ಟೀಮಿನ ಹುಡುಗಿಯೊಬ್ಬಳು ಹೋದ ವರ್ಷ ಕೇಳಿದ ಪ್ರಶ್ನೆಗೆ ಉತ್ತರ ಇದರೊಳಗೇ ಇದೆ: "ಮೀನು ಆಗಲೇ ಟ್ಯಾಂಕಲ್ಲಿದೆ, ಈಗ ಏನ್ ಮಾಡ್ಲಿ?" ಮೀನು ಇಟ್ಟುಕೊಂಡು ಮಾಗಿಸೋದು ಅಂದರೆ ಪ್ರೊಡಕ್ಷನ್ನಿನಲ್ಲೇ ಟೆಸ್ಟ್ ಮಾಡಿದ ಹಾಗೆ. ಮಾಡಬಾರದು. ಆದರೆ ಆಗಿಹೋಗಿದ್ದರೆ ಪಕ್ಕದಲ್ಲಿ ಕೂತು ಕಾಯಬೇಕು. ಟೆಸ್ಟ್ ಕಿಟ್ ತಂದು ದಿನಾ ಅಮೋನಿಯಾ, ನೈಟ್ರೈಟ್ ನೋಡಿ. ಎರಡೂ ಸೇರಿ ಲೀಟರಿಗೆ ಅರ್ಧ ಮಿಲಿಗ್ರಾಂ ಹತ್ತಿರ ಬಂತೋ, ಕಾಲು ಭಾಗದಿಂದ ಅರ್ಧದವರೆಗೆ ನೀರು ಬದಲಾಯಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯೋ ದ್ರಾವಣ ಕಡ್ಡಾಯ. ಅದು ಮೀನಿನ ಕಿವಿರನ್ನೂ ಸುಡುತ್ತೆ, ಈಗ ತಾನೇ ನೆಲೆಸ್ತಿರೋ ಕೆಲಸಗಾರರನ್ನೂ ಕೊಲ್ಲುತ್ತೆ. ಬೋರ್‌ವೆಲ್ ನೀರಿನ ಪಿಎಚ್ 8ರ ಹತ್ತಿರ ಇದ್ದರೆ ಇನ್ನೂ ಹುಷಾರು: ಪಿಎಚ್ 7ಕ್ಕಿಂತ 8ರಲ್ಲಿ ಅಮೋನಿಯಾದ ವಿಷರೂಪ ಸುಮಾರು ಹತ್ತು ಪಟ್ಟು ಜಾಸ್ತಿ. ಊಟ ಅರ್ಧ ಮಾಡಿ, ಮೀನು ಹೆಚ್ಚಿಸಬೇಡಿ. ನೈಟ್ರೈಟ್ ರಕ್ತಕ್ಕೆ ಸೇರಿದರೆ ಆಮ್ಲಜನಕ ಹೊರೋ ಶಕ್ತಿ ಹೋಗಿ ರಕ್ತ ಕಂದಾಗುತ್ತೆ. ಅಂಗಡಿಯವರು "ಚಿಟಿಕೆ ಕಲ್ಲುಪ್ಪು ಹಾಕಿ" ಅನ್ನೋದರಲ್ಲಿ ಅರ್ಥ ಇದೆ, ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುತ್ತೆ. ಆದರೆ ಅಮೋನಿಯಾಕ್ಕೆ ಅದು ಮದ್ದಲ್ಲ.

ಎಲ್ಲಕ್ಕಿಂತ ದೊಡ್ಡ ಉಪಾಯ ಫ್ರಾನ್ಸಿನವರ ಆ ಮಣ್ಣು ಕದಡಿದ ನೀರು. ಗೆಳೆಯರ ಮನೆಯ ಆರೋಗ್ಯವಾಗಿರೋ ಹಳೇ ಟ್ಯಾಂಕಿನಿಂದ ಕೊಳಕು ಸ್ಪಂಜಿನ ಒಂದು ತುಂಡು ಕೇಳಿ ತನ್ನಿ. ಒಣಗೋಕೆ ಬಿಡಬೇಡಿ, ನಲ್ಲಿಯಲ್ಲಿ ತೊಳೀಬೇಡಿ, ನೇರ ನಿಮ್ಮ ಫಿಲ್ಟರಿನೊಳಗೆ ಇಡಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ವಾರಗಟ್ಟಲೆ ಕಾಯೋದು ಎಷ್ಟೋ ಕಮ್ಮಿಯಾಗುತ್ತೆ.

"ಗೋಲ್ಡ್‌ಫಿಶ್ ಗಟ್ಟಿ ಮೀನು, ಮೊದಲು ಅದನ್ನೇ ಬಿಡಿ" ಅನ್ನೋ ಮಾತು ಇನ್ನೂ ಚಾಲ್ತಿಯಲ್ಲಿದೆ. ಗಟ್ಟಿ ಅಂದರೆ ಸಾಯೋಕೆ ಜಾಸ್ತಿ ದಿನ ತಗೊಳ್ಳುತ್ತೆ ಅಂತ ಅಷ್ಟೇ, ಕಿವಿರು ಸುಡಲ್ಲ ಅಂತ ಅಲ್ಲ. 1849ರಲ್ಲಿ ಅಪ್ಪ ವಾರಿಂಗ್ಟನ್ನಿಗೆ ಇದನ್ನೆಲ್ಲ ತಿಳಿಯೋ ದಾರಿಯೇ ಇರಲಿಲ್ಲ. ನಮಗೆ ಇದೆ, ಮಗ ಹೇಳಿ ಹೋಗಿದ್ದಾನೆ. ಮೀನು ಇನ್ನೂ ಕೊಂಡಿಲ್ಲ ಅಂದರೆ ಟ್ಯಾಂಕಿಗೆ ಒಂದಿಷ್ಟು ಅಮೋನಿಯಾ ಹಾಕಿ, ಫಿಲ್ಟರ್ ಓಡಿಸಿ, ಆ ಆರು ವಾರ ನೀವೇ ಕಾಯಿರಿ. ಖಾಲಿ ನೀರನ್ನ ನೋಡ್ತಾ ಕೂರೋದು ಬೇಜಾರು ನಿಜ, ಆದರೆ ಆ ಬೇಜಾರನ್ನ ಮೀನಿನ ತಲೆಗೆ ಕಟ್ಟೋದು ಸರಿಯಲ್ಲ.